ಜೇನು ಬಲ್ಲದ್ದೋ, ಜೇನು ತಿನ್ನುವುದೋ?

ದೊಡ್ಡಪ್ಪ: ಬೆಳಿಗ್ಗೆ ನಾನು ನಮ್ಮ ಮನೆಯವರ ಈ ಗುಂಪಿಗೆ ಹಾಕಿದ ಚಿತ್ರವನ್ನು ಎಲ್ಲರೂ ನೋಡಿದಿರಷ್ಟೆ? ರಷ್ಯನ್ನರು ಕರಡಿಗೆ ‘ಮೆದ್ವೇದ್’ ಎನ್ನುತ್ತಾರೆ. ಅದು ನಮ್ಮ ‘ಮಧುವಿದ್’, ಅಂದರೆ ಜೇನನ್ನು ಬಲ್ಲದ್ದು. ರಷ್ಯನ್ ಭಾಷೆ ಸಂಸ್ಕೃತದ ಮಗಳೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ನಾನು: ದೊಡ್ಡಪ್ಪ, ‘ಮಧು’ವಿನ ನೆಂಟಸ್ತನ ನಿಜ, ‘ವಿದ್’ ಮಾತ್ರ ತಪ್ಪು. ಜಗಲಿಯ ಮೇಲೆ ಕೂರಿಸಿಕೊಂಡು ನನಗೆ ಯಣ್ ಸಂಧಿ ಕಲಿಸಿದವರು ನೀವೇ: ಮನು + ಅಂತರ ಸೇರಿದಾಗ ಉಕಾರ ಹೋಗಿ ವಕಾರ ಬಂದು ‘ಮನ್ವಂತರ’ವಾಗುತ್ತದೆ. ರಷ್ಯನ್, ಪೋಲಿಷ್ ಮೊದಲಾದ ಸ್ಲಾವಿಕ್ ಭಾಷೆಗಳಿಗೆ ಮೂಲವೆಂದು ವಿದ್ವಾಂಸರು ಪುನಾರಚಿಸಿರುವ ಪದ ‘*ಮೆದ್ವೇದಿ’ಯಲ್ಲಿ ಆಗಿರುವುದೂ ಅದೇ. ‘ಮೆದು’ ಎಂದರೆ ಜೇನು, ‘ಏದ್’ ಎಂದರೆ ತಿನ್ನು. ನಡುವಿನ ವಕಾರ ಜೇನಿನ ಉಕಾರದಿಂದ ಹುಟ್ಟಿದ್ದೇ ಹೊರತು ‘ಬಲ್ಲ’ ಎಂಬರ್ಥದ ಧಾತುವಿನದಲ್ಲ. ಋಗ್ವೇದದ 1ನೇ ಮಂಡಲದ 164ನೇ ಸೂಕ್ತ ಮರದ ಮೇಲಿನ ಹಕ್ಕಿಗಳನ್ನು ‘ಮಧ್ವದಃ’ ಎನ್ನುತ್ತದೆ. ಬಿಡಿಸಿ ನೋಡಿ: ಮಧು + ಅದ್, ‘ಅದ್’ ಎಂದರೆ ತಿನ್ನು.

ಅಣ್ಣ: ನಾನು ರಷ್ಯದಲ್ಲಿ ವೈದ್ಯಕೀಯ ಓದುವಾಗ ಅಲ್ಲಿಯವರೇ ‘ಜೇನು ಎಲ್ಲಿದೆಯೆಂದು ಬಲ್ಲದ್ದು’ ಎಂದು ಅರ್ಥ ಹೇಳುತ್ತಿದ್ದರು.

ನಾನು: ಹೌದಣ್ಣ, ಹಳೆಯ ಉಕಾರ ಅಳಿದ ಮೇಲೆ ಅವರ ಕಿವಿಗೂ ಅದು ‘ಬಲ್ಲ’ ಎಂದೇ ಕೇಳಿಸಿತು. ಪದವನ್ನು ಎಲ್ಲಿ ಬಿಡಿಸಬೇಕೆಂಬುದು ಮರೆತರೆ ಅದು ಹೇಗೆಲ್ಲ ತಿರುಗುತ್ತದೆಂದರೆ, ಉಕ್ರೇನಿನವರು ಅಕ್ಷರಗಳನ್ನೇ ಅದಲುಬದಲು ಮಾಡಿ ‘ವೆದ್ಮಿದ್’ ಎನ್ನುತ್ತಾರೆ, ಪೋಲಿಷ್‌ನಲ್ಲಿ ಮೊದಲ ಮಕಾರ ನಕಾರವಾಗಿದೆ. ಸ್ಲಾವಿಕ್ ಅಲ್ಲದ ಹಂಗೇರಿಯನ್ ಕೂಡ ಇದನ್ನು ‘ಮೆದ್ವೆ’ ಎಂದು ಎರವಲು ಪಡೆದಿದೆ.

ಅತ್ತೆ: ಕರಡಿಗೆ ನೇರವಾದ ಹೆಸರೇ ಇರಲಿಲ್ಲವೇ?

ನಾನು: ಇತ್ತು ಅತ್ತೆ. ಸಂಸ್ಕೃತದ ‘ಋಕ್ಷ’, ಗ್ರೀಕಿನ ‘ಆರ್ಕ್ಟೊಸ್’, ಲ್ಯಾಟಿನ್ನಿನ ‘ಉರ್ಸುಸ್’ ಒಂದೇ ಬೇರಿನವು. ಹೆಸರೆತ್ತಿ ಕರೆದರೆ ಕಾಡಿನ ಪ್ರಾಣಿ ಎದುರಿಗೇ ಬಂದೀತೆಂಬ ಅಂಜಿಕೆಯಿಂದ ಸ್ಲಾವರು ಆ ಪದವನ್ನು ಬಿಟ್ಟರೆಂಬುದು ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಕೊಡುವ ವಿವರಣೆ. ನಮ್ಮ ಅಜ್ಜಿ ಕತ್ತಲಾದ ಮೇಲೆ ಹಾವೆನ್ನದೆ ‘ಹುಳ’ ಎನ್ನುತ್ತಿದ್ದದ್ದು ನೆನಪಿದೆಯಲ್ಲ? ನನಗೆ ಈ ಪದದಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು ಆ ಅಂಜಿಕೆಯೇ.

ದೊಡ್ಡಪ್ಪ: ಒಟ್ಟಿನಲ್ಲಿ ಸಂಸ್ಕೃತದ ಸಂಬಂಧವನ್ನು ನೀನೂ ಒಪ್ಪಿದಂತಾಯಿತು.

ನಾನು: ಸಂಬಂಧ ಒಪ್ಪುತ್ತೇನೆ, ತಾಯಿ-ಮಗಳೆಂಬುದನ್ನು ಒಪ್ಪಲಾರೆ. ಸಂಸ್ಕೃತ ಹಳೆಯ ಹೆಸರನ್ನು ಉಳಿಸಿಕೊಂಡಿತು, ಸ್ಲಾವರು ಹಿರಿಯರಿಂದ ಬಂದ ತುಣುಕುಗಳಿಂದಲೇ ತಮ್ಮದೊಂದು ಹೊಸ ಹೆಸರು ಕಟ್ಟಿಕೊಂಡರು. ಇವು ಒಂದೇ ಮನೆಯಿಂದ ಹೊರಟ ದಾಯಾದಿ ಭಾಷೆಗಳು.

ದೊಡ್ಡಪ್ಪ: ‘ಮಧ್ವದಃ’ ನನಗೆ ಹೊಳೆಯಲಿಲ್ಲ, ಅದು ಸರಿಯಾಗಿದೆ. ಮಗಳೆಂಬ ಮಾತನ್ನು ಮಾತ್ರ ಇನ್ನಷ್ಟು ಯೋಚಿಸುತ್ತೇನೆ. ಅಲ್ಲಿಯವರೆಗೆ ಚಿತ್ರವನ್ನು ಯಾರೂ ಬೇರೆ ಗುಂಪಿಗೆ ಕಳುಹಿಸಬೇಡಿ.