‘ಮಗ್ಲಾ’ ಎಂಬ ಮಂಜಿಗೂ ನಮ್ಮ ಮುಗಿಲಿಗೂ ನಂಟಿದೆಯೇ?

ಪ್ರಶ್ನೆ (ಮಡಿಕೇರಿಯಿಂದ):
ಕಳೆದ ಕಕ್ಕಡದಲ್ಲಿ (ಕೊಡಗಿನ ಮಳೆಗಾಲದ ತಿಂಗಳು) ನಮ್ಮ ಹೋಂಸ್ಟೇಯಲ್ಲಿ ತಂಗಿದ್ದ ಸರ್ಬಿಯಾದ ಅತಿಥಿಯೊಬ್ಬರು, ತೋಟದ ಸಿಲ್ವರ್ ಓಕ್ ಮರಗಳನ್ನೆಲ್ಲ ನುಂಗಿ ಕುಳಿತಿದ್ದ ಮಂಜನ್ನು ತೋರಿಸಿ ‘ಮಗ್ಲಾ’ ಎಂದರು. ನನಗದು ‘ಮುಗಿಲು’ ಎಂದೇ ಕೇಳಿಸಿತು. ಆದರೆ ರಷ್ಯನ್ ನಿಘಂಟಿನಲ್ಲಿ ‘ಮ್ಗ್ಲಾ’ ಎಂಬುದಕ್ಕೆ ಮಬ್ಬು, ಕತ್ತಲೆ ಎಂಬ ಅರ್ಥಗಳಿವೆ. ಇವೆರಡೂ ಒಂದೇ ಪದವೇ? ನಮ್ಮ ಮುಗಿಲಿಗೂ ಇದಕ್ಕೂ ಸಂಬಂಧವುಂಟೇ?

ಉತ್ತರ 1:
ಮುಗಿಲಿಗೆ ಸಂಬಂಧವಿಲ್ಲ. ಅದು ತಮಿಳು, ಮಲಯಾಳಗಳಲ್ಲೂ ‘ಮುಗಿಲ್’ ಎಂದು ಉಳಿದಿರುವ ಅಚ್ಚ ದ್ರಾವಿಡ ಪದ; ಸದ್ದಿನ ಹೋಲಿಕೆ ಕೇವಲ ಆಕಸ್ಮಿಕ. ನಿಜವಾದ ನಂಟಿರುವುದು ನಾವು ಸಂಸ್ಕೃತದಿಂದ ಪಡೆದ ‘ಮೇಘ’ಕ್ಕೆ. ಮೇಘದಲ್ಲಿ ‘ಲ’ಕಾರ ಎಲ್ಲಿದೆ ಎಂದು ನೀವು ಕೇಳಬಹುದು, ಸರ್ಬಿಯನ್, ರಷ್ಯನ್ ಮುಂತಾದವು ಸೇರಿರುವ ಸ್ಲಾವಿಕ್ ಭಾಷಾಕುಟುಂಬದ ಈ ಒಂದೇ ಪದದ ‘ಲಾ’ ಧಾತುವಿನ ಭಾಗವಲ್ಲ, ಪ್ರತ್ಯಯ. ಭಾಷಾವಿಜ್ಞಾನಿಗಳು ಊಹಿಸಿರುವ ಸ್ಲಾವಿಕ್ ಮೂಲರೂಪ ‘ಮಿಗ್ಲಾ’. ಅದರ ನೆರೆಯ ಲಿಥುವೇನಿಯನ್ ಭಾಷೆಯಲ್ಲಿ ಇಂದಿಗೂ ಮಂಜಿಗೆ ‘ಮಿಗ್ಲಾ’ ಎಂದೇ ಹೆಸರು.

ಸುಮಾರು 10ರಿಂದ 12ನೆಯ ಶತಮಾನದ ನಡುವೆ ಸ್ಲಾವಿಕ್ ಭಾಷೆಗಳಲ್ಲಿ ಆ ಅತಿ ಹ್ರಸ್ವವಾದ ಇಕಾರ ಬಿದ್ದುಹೋಗಿ, ‘ಮ್ಗ್ಲ’ ಎಂಬ ವ್ಯಂಜನಗಳ ಗಂಟೊಂದು ಉಳಿಯಿತು. ಅದನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬಿಡಿಸಿಕೊಂಡರು: ಸರ್ಬಿಯನ್ನರು ನಡುವೆ ‘ಅ’ಕಾರವನ್ನೂ ಸ್ಲೊವೇನಿಯನ್ನರು ‘ಎ’ಕಾರವನ್ನೂ ಸೇರಿಸಿದರೆ, ಚೆಕ್ಕರು ಗಕಾರವನ್ನು ಹಕಾರವಾಗಿಸಿ, ಸ್ಥಾನವನ್ನೂ ಪಲ್ಲಟಗೊಳಿಸಿ ‘ಮ್ಲ್ಹಾ’ ಎಂದರು. ಸ್ಲೊವಾಕರ ಬಾಯಲ್ಲಿ ಅದು ‘ಹ್ಮ್ಲಾ’ ಆಯಿತು. ರಷ್ಯನ್ನರೂ ಪೋಲಿಷರೂ ಗಂಟನ್ನು ಹಾಗೆಯೇ ಉಳಿಸಿಕೊಂಡರು; ಪೋಲಿಷರು ಅದರ ಲಕಾರವನ್ನು ವಕಾರದಂತೆ ಉಚ್ಚರಿಸುತ್ತಾರೆ.

ಉತ್ತರ 2:
ರಷ್ಯನ್ ಅರ್ಥದ ಬಗ್ಗೆ ಒಂದು ಮಾತು. ಅಲ್ಲಿ ಮಂಜಿಗೆ ಈಗ ಬಳಕೆಯಲ್ಲಿರುವುದು ‘ತುಮಾನ್’; ಅದು ತುರ್ಕಿಕ್ ಭಾಷೆಗಳಿಂದ ಬಂದ ಎರವಲು, ಟರ್ಕಿಯವರ ‘ದುಮಾನ್’ ಎಂದರೆ ಹೊಗೆ. ಹೊಸ ಪದ ದಿನಬಳಕೆಯ ಜಾಗವನ್ನು ಹಿಡಿದುಕೊಂಡದ್ದರಿಂದಲೇ ಹಳೆಯದು ಮಬ್ಬು, ಕತ್ತಲೆಗಳ ಕಡೆಗೆ ಸರಿದು ಕಾವ್ಯಭಾಷೆಗೆ ಹೆಚ್ಚು ಹತ್ತಿರವಾಯಿತೆಂದು ನನಗನಿಸುತ್ತದೆ. ಇನ್ನೊಂದು ಸೊಗಸು: ಪೋಲಿಷ್ ಮತ್ತು ಚೆಕ್ ಭಾಷೆಗಳಲ್ಲಿ ಆಕಾಶದ ನೀಹಾರಿಕೆಯ ಹೆಸರು ಇದೇ ಮಂಜಿನ ಪದದಿಂದ ಹುಟ್ಟಿದೆ. ನಮ್ಮ ‘ನೀಹಾರ’ಕ್ಕೂ ಮಂಜೆಂದೇ ಅರ್ಥವಲ್ಲವೇ!

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಮುಗಿಲು ಕೈತಪ್ಪಿದ್ದಕ್ಕೆ ತುಸು ಬೇಸರವಿದೆ. ಒಂದೇ ಧಾತು ಅಲ್ಲಿ ಮಂಜಾಗಿ, ಇಲ್ಲಿ ಮೋಡವಾದದ್ದು ಹೇಗೆ?

ಉತ್ತರ 3 (ಭಾಗಮಂಡಲದಿಂದ):
ವೇದಭಾಷೆಯಲ್ಲಿ ಅದೇ ಧಾತುವಿನ ‘ಮಿಹ್’ ಎಂಬುದಕ್ಕೆ ಮಂಜೆಂಬ ಅರ್ಥವೂ ಇದೆ. ಅದಿರಲಿ, ನಮ್ಮೂರಿನಿಂದ ನೋಡುವಾಗ ಬ್ರಹ್ಮಗಿರಿಯ ಮೇಲೆ ಮೋಡವಾಗಿ ಕಾಣುವುದೇ, ತಲಕಾವೇರಿಯ ಮೆಟ್ಟಿಲಿಗೆ ಹೋಗಿ ನಿಂತರೆ ಮಂಜಾಗಿರುತ್ತದೆ.