90 ದಿನದಲ್ಲಿ ಶುಗರ್ ಮಾಯ: ಇಂಥ ಜಾಹೀರಾತಿಗೆ ಸರ್ಕಾರ ಲಗಾಮು ಹಾಕಬೇಕಾ?

ಮಂಡಕ್ಕಿ_ಮಿರ್ಚಿ (ದಾವಣಗೆರೆ):
ನಮ್ಮ ಅಮ್ಮನಿಗೆ ಎಂಟು ವರ್ಷದಿಂದ ಶುಗರ್ ಇದೆ. ಹೋದ ತಿಂಗಳು ಪೇಪರ್ ಒಳಗೆ ಒಂದು ಪಾಂಪ್ಲೆಟ್ ಬಂತು, ಅದೇ ಜಾಹೀರಾತು ಇಲ್ಲಿನ ಕೇಬಲ್ ಚಾನೆಲ್‌ನಲ್ಲೂ ದಿನಕ್ಕೆ ಹತ್ತು ಸಲ. 90 ದಿನ ಪುಡಿ ಕುಡಿದರೆ ಮಾತ್ರೆಯೇ ಬೇಡ ಅಂತೆ. ಅಮ್ಮ ನನಗೆ ಹೇಳದೆ ಸಾವಿರಾರು ರೂಪಾಯಿ ಕೊಟ್ಟು ಪುಡಿ ತರಿಸಿದ್ದಾರೆ, ಮಾತ್ರೆ ನಿಲ್ಲಿಸಿದ್ದಾರೆ, ಕೊನೆಗೆ ತಲೆ ಸುತ್ತಿ ಬಿದ್ದ ಮೇಲೆ ವಿಷಯ ಹೊರಗೆ ಬಂತು. ಈಗ ಹುಷಾರಾಗಿದ್ದಾರೆ. ಹೀಗೆ ಬಾಯಿಗೆ ಬಂದಿದ್ದು ಹೇಳೋರನ್ನು ಕೇಳೋರೇ ಇಲ್ವಾ? ಸರ್ಕಾರ ಒಂದು ಕಾನೂನು ಮಾಡಬಾರದಾ?

ದುರ್ಗದ_ಹುಡುಗ:
ಕಾನೂನು ಇದೆ ಅಣ್ಣ, ಅದೂ 1954ರಿಂದ. ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಅಂತ. ಅದರಲ್ಲಿ ಕಾಯಿಲೆಗಳ ಒಂದು ಪಟ್ಟಿ ಇದೆ, ಶುಗರ್ ಕೂಡ ಅದರಲ್ಲಿದೆ. ಪುಡಿ ಕೆಲಸ ಮಾಡುತ್ತೋ ಇಲ್ವೋ ಅನ್ನೋದು ಆಮೇಲಿನ ಮಾತು, ಆ ಕಾಯಿಲೆ ವಾಸಿ ಮಾಡ್ತೀವಿ ಅಂತ ಔಷಧಿಗೆ ಜಾಹೀರಾತು ಕೊಡೋದೇ ತಪ್ಪು. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ ದಂಡ, ಎರಡೂ ಆಗಬಹುದು. ಆದರೆ ಯಾರಾದರೂ ಜೈಲಿಗೆ ಹೋಗಿದ್ದು ನಾನಂತೂ ನೋಡಿಲ್ಲ, ನೀವು ನೋಡಿದ್ದರೆ ಹೇಳಿ.

ಗಾಣದ_ಮನೆ (ಚಳ್ಳಕೆರೆ):
ಎಲ್ಲದಕ್ಕೂ ಸರ್ಕಾರ ಬರಲಿ ಅನ್ನಬೇಡಿ ಸ್ವಾಮಿ. ನಮ್ಮದು ಸಣ್ಣ ಶೇಂಗಾ ಎಣ್ಣೆ ಗಾಣ. ಬೋರ್ಡಿನಲ್ಲಿ ‘ಶುದ್ಧ’ ಅಂತ ಬರೆದಿದ್ದಕ್ಕೆ ಒಬ್ಬರು ಬಂದು ಅರ್ಧ ದಿನ ಕೂತರು, ಕಾಫಿ ಕುಡಿದರು, ಮುಂದಿನದು ನಿಮಗೇ ಗೊತ್ತು. ಹೊಸ ಕಾನೂನು ಬಂದರೆ ಮೊದಲು ಸಿಗೋದು ನಮ್ಮಂಥವರು. ದೊಡ್ಡ ಕಂಪನಿಗೆ ವಕೀಲರಿದ್ದಾರೆ. ಜಾಹೀರಾತಿನವರೇ ತಮ್ಮೊಳಗೆ ನೋಡಿಕೊಳ್ಳಲಿ, ಅವರದ್ದೂ ಒಂದು ಮಂಡಳಿ ಇದೆಯಂತಲ್ಲ?

ಲೈಬ್ರರಿ_ಮೇಡಂ (ವಿದ್ಯಾನಗರ):
ಆ ಮಂಡಳಿ ಆಸ್ಕಿ. 1985ರಲ್ಲಿ ಶುರುವಾಗಿದ್ದು, ಇರೋದು ಮುಂಬೈನಲ್ಲಿ. ಜಾಹೀರಾತು ಬದಲಿಸಿ, ತೆಗೆಯಿರಿ ಅಂತ ಹೇಳಬಹುದು, ದಂಡ ಹಾಕೋ ಅಧಿಕಾರ ಇಲ್ಲ. ಮರ್ಯಾದೆಗೆ ಅಂಜೋ ದೊಡ್ಡ ಬ್ರ್ಯಾಂಡಿನವರು ಕೇಳುತ್ತಾರೆ. ಪಾಂಪ್ಲೆಟ್ ಹಂಚಿ ಮುಂದಿನ ತಿಂಗಳು ಹೆಸರು ಬದಲಿಸೋನಿಗೆ ಯಾವ ಮರ್ಯಾದೆ?

ದಂಡ ಹಾಕೋದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಪ್ರಚಾರ ಮಾಡಿದ ನಟ-ನಟಿಯರನ್ನೂ 1 ವರ್ಷದವರೆಗೆ ಜಾಹೀರಾತಿನಿಂದ ದೂರ ಇಡಬಹುದು. ಕೋಚಿಂಗ್ ಸೆಂಟರ್‌ಗಳಿಗೂ 2024ರ ನವೆಂಬರ್‌ನಲ್ಲಿ ನಿಯಮ ಬಂದಿದೆ. ರ‍್ಯಾಂಕ್ ಬಂದ ಹುಡುಗ ಯಾವ ಕೋರ್ಸ್ ಓದಿದ, ಎಷ್ಟು ದಿನ, ದುಡ್ಡು ಕೊಟ್ಟಿದ್ದನಾ ಅಂತ ಹೇಳಬೇಕು. ನಮ್ಮೂರಿನ ಫ್ಲೆಕ್ಸ್ ನೋಡಿ, ಒಂದೇ ಹುಡುಗಿ ಎರಡು ಕಡೆ ನಗುತ್ತಿರುತ್ತಾಳೆ!

ಗಾಣದ ಅಣ್ಣನ ಸಿಟ್ಟು ನನಗೆ ಅರ್ಥ ಆಗುತ್ತೆ. ಆದರೆ ಎಣ್ಣೆ ಬೋರ್ಡೂ ಶುಗರ್ ಪುಡಿಯೂ ಒಂದೇ ತಕ್ಕಡಿಯಲ್ಲಿ ತೂಗೋದಲ್ಲ. ಜೀವಕ್ಕೆ ಕುತ್ತು ತರೋದನ್ನು ಸರ್ಕಾರ ಮೊದಲು ಹಿಡಿಯಲಿ. ಇಲ್ಲಿ ಕೊರತೆ ಕಾನೂನಿನದಲ್ಲ, ಜಿಲ್ಲೆಯಲ್ಲಿ ಕೂತು ಕೇಬಲ್ ನೋಡೋ ಒಬ್ಬ ಮನುಷ್ಯನದು.

ದುರ್ಗದ_ಹುಡುಗ:
ಕೇಬಲ್ ವಿಷಯಕ್ಕೆ ಡಿಸಿಗೆ ಅರ್ಜಿ ಕೊಡಿ, 1995ರ ಕೇಬಲ್ ಕಾಯ್ದೆಯಲ್ಲಿ ಅವರಿಗೆ ಪ್ರಸಾರ ನಿಲ್ಲಿಸೋ ಅಧಿಕಾರ ಇದೆ. ಜೊತೆಗೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕ ಸಹಾಯವಾಣಿ. ಬಿಲ್, ಪಾಂಪ್ಲೆಟ್ ಬಿಸಾಡಬೇಡಿ. ಟಿವಿಯಲ್ಲಿ ಬಂದಾಗ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ.

ಗಾಣದ_ಮನೆ:
ಸರಿ, ಕಾಯಿಲೆ ವಿಷಯಕ್ಕೆ ಒಪ್ಪಿದೆ. ನನ್ನ ಬೋರ್ಡು ಮಾತ್ರ ಹಾಗೇ ಇರುತ್ತೆ.

ಮಂಡಕ್ಕಿ_ಮಿರ್ಚಿ:
ಎಲ್ಲರಿಗೂ ಥ್ಯಾಂಕ್ಸ್. ಬಿಲ್ ಕೊಟ್ಟಿಲ್ಲವಂತೆ. ಪಾಂಪ್ಲೆಟ್ ಹುಡುಕಿದರೆ ಅಮ್ಮ ಅದನ್ನು ಒಗ್ಗರಣೆ ಡಬ್ಬದ ಕೆಳಗೆ ಹಾಸಿದ್ದಾರೆ, ಪೂರ್ತಿ ಎಣ್ಣೆ ಜಿಡ್ಡು. ಫೋನ್ ನಂಬರ್ ಅಳಿಸಿದೆ, ‘90 ದಿನ ಗ್ಯಾರಂಟಿ’ ಅನ್ನೋ ಸಾಲು ಚೆನ್ನಾಗೇ ಕಾಣುತ್ತೆ. ಇದು ನಡೆಯುತ್ತಾ ಮೇಡಂ?