ಹಣೆಪಟ್ಟಿ ಹಚ್ಚಿಸಿಕೊಂಡವರೆಲ್ಲ ಅಪರಾಧಿಗಳಾಗಲಿಲ್ಲವಲ್ಲ? 1871ರ ಕಾಯ್ದೆಯ ಬಗ್ಗೆ ಒಂದು ಪ್ರಶ್ನೆ

ಎಂ.ಎ. ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ವಿಚಲನೆಯ, ಅಂದರೆ ಸಮಾಜದ ನಿಯಮ ಮೀರುವ ನಡತೆಯ, ಸಿದ್ಧಾಂತಗಳ ಕುರಿತು ಸೆಮಿನಾರು ಸಿದ್ಧಪಡಿಸುತ್ತಿದ್ದೇನೆ, ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಒಂದು ಕೃತ್ಯ ತನ್ನಷ್ಟಕ್ಕೆ ವಿಚಲನೆಯಲ್ಲ, ನಿಯಮ ಮಾಡುವವರು ಆ ನಿಯಮವನ್ನು ಯಾರ ಮೇಲೆ ಹೇರಿ ಹಣೆಪಟ್ಟಿ ಹಚ್ಚುತ್ತಾರೆ ಎಂಬುದರಿಂದ ಅದು ವಿಚಲನೆಯಾಗುತ್ತದೆ ಎಂದು ಸಮಾಜಶಾಸ್ತ್ರಜ್ಞ ಹೋವರ್ಡ್ ಬೆಕರ್ 1963ರಲ್ಲಿ ವಾದಿಸಿದರು. ಅವರಿಗಿಂತ ಮೊದಲೇ, 1951ರಲ್ಲಿ, ಎಡ್ವಿನ್ ಲೆಮರ್ಟ್ ಪ್ರಾಥಮಿಕ ಮತ್ತು ದ್ವಿತೀಯಕ ವಿಚಲನೆ ಎಂಬ ಭೇದ ಮಾಡಿ, ಮೊದಲ ತಪ್ಪಿಗಿಂತ ಅದಕ್ಕೆ ಸಮಾಜ ತೋರಿದ ಪ್ರತಿಕ್ರಿಯೆಯೇ ಮನುಷ್ಯನನ್ನು ಆ ಹಾದಿಯಲ್ಲಿ ನೆಲೆಗೊಳಿಸುತ್ತದೆ ಎಂದಿದ್ದರು. ಇದಕ್ಕೆ ತರಗತಿಯಲ್ಲಿ ನಮಗೆ ಕೊಟ್ಟ ಉದಾಹರಣೆ, ಇಡೀ ಸಮುದಾಯಗಳನ್ನೇ ಅಪರಾಧಿಗಳೆಂದು ಸಾರಿದ ಬ್ರಿಟಿಷರ ಅಪರಾಧಿ ಬುಡಕಟ್ಟುಗಳ ಕಾಯ್ದೆ.

ನನ್ನ ತೊಡಕು ಇಲ್ಲಿಯೇ ಇದೆ. 1871ರಲ್ಲಿ ಬಂದ ಆ ಕಾಯ್ದೆ 1952ರ ಆಗಸ್ಟ್ 31ರವರೆಗೆ, ಅಂದರೆ ಎಂಟು ದಶಕಗಳ ಕಾಲ ಬೇರೆ ಬೇರೆ ರೂಪದಲ್ಲಿ ಜಾರಿಯಲ್ಲಿತ್ತು. ಹಣೆಪಟ್ಟಿಯೇ ಅಪರಾಧಿಯನ್ನು ಹುಟ್ಟಿಸುವುದಾದರೆ ಅಷ್ಟು ಕಾಲದಲ್ಲಿ ಆ ಸಮುದಾಯಗಳ ಪ್ರತಿಯೊಬ್ಬರೂ ಅಪರಾಧಿಗಳಾಗಬೇಕಿತ್ತು. ಆದರೆ ಬಹುಪಾಲು ಜನ ಬುಟ್ಟಿ ಹೆಣೆದು, ಮಣ್ಣು ಹೊತ್ತು, ಗಿರಣಿಯಲ್ಲಿ ದುಡಿದು ಬದುಕಿದರು. ಹಾಗಿದ್ದರೆ ಸಿದ್ಧಾಂತ ಇಲ್ಲಿ ಸೋಲುತ್ತದೆಯೇ? ನಾನು ಇನ್ನೊಬ್ಬ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಅವರನ್ನು ಹಿಡಿದು ಬರೆಯುವುದು ಮೇಲೇ?

ನಿವೃತ್ತ ಉಪನ್ಯಾಸಕ:

ನಿಮ್ಮ ಅನುಮಾನ ನ್ಯಾಯವಾದದ್ದು. ಗೈಡುಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಸಿದ್ಧಾಂತಗಳನ್ನೆಲ್ಲ ಒಂದೇ ಪ್ರಶ್ನೆಗೆ ಪೈಪೋಟಿಯಲ್ಲಿ ಉತ್ತರಿಸುತ್ತಿರುವಂತೆ ಸಾಲಾಗಿ ನಿಲ್ಲಿಸಿರುತ್ತಾರೆ.

ಮರ್ಟನ್ ಅವರಿಂದಲೇ ಹೊರಡೋಣ. ಸಮಾಜವು ಎಲ್ಲರ ಮುಂದೆ ಒಂದೇ ಗುರಿಯನ್ನಿಟ್ಟು, ಅದನ್ನು ಮುಟ್ಟುವ ನ್ಯಾಯವಾದ ದಾರಿಯನ್ನು ಕೆಲವರಿಗಷ್ಟೇ ತೆರೆದಿಟ್ಟಾಗ ಉಂಟಾಗುವ ಒತ್ತಡವನ್ನು ಅವರು 1938ರಲ್ಲಿ ವಿವರಿಸಿದರು. ಇದು ಕಾಯ್ದೆಗೆ ಒಳಗಾದ ಬುಡಕಟ್ಟುಗಳಲ್ಲೊಂದಾದ ಕೊರಚರ ವಿಷಯದಲ್ಲಿ ಸ್ವಲ್ಪ ದೂರ ನಡೆಯುತ್ತದೆ. ಎತ್ತು ಕತ್ತೆಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ಹೊತ್ತು ತಂದು ಧಾನ್ಯಕ್ಕೆ ಮಾರುತ್ತಿದ್ದ ಈ ಜನರ ವ್ಯಾಪಾರವನ್ನು ಸರಕಾರದ ಉಪ್ಪಿನ ನೀತಿಯೂ ರೈಲೂ ಸೇರಿ ಮುರಿದುಹಾಕಿದ್ದನ್ನು ಮದ್ರಾಸ್ ಪ್ರಾಂತ್ಯಕ್ಕೆ ಸಂಬಂಧಿಸಿ ಇತಿಹಾಸಕಾರ್ತಿ ಮೀನಾ ರಾಧಾಕೃಷ್ಣ ದಾಖಲಿಸಿದ್ದಾರೆ. ಆದರೆ ಕಸುಬು ಕಳೆದುಕೊಂಡವರಲ್ಲಿ ಕೆಲವರು ಕದ್ದಿರಬಹುದು ಎಂಬಲ್ಲಿಗೆ ಮರ್ಟನ್ ನಿಲ್ಲುತ್ತಾರೆ. ಕದಿಯದವರ ಹೆಸರೂ, ಇನ್ನೂ ತೊಟ್ಟಿಲಲ್ಲಿದ್ದ ಕೂಸಿನ ಕುಲವೂ ಸರಕಾರಿ ಅಧಿಸೂಚನೆಯಲ್ಲಿ ಏಕೆ ಬಂತು ಎಂಬುದನ್ನು ಅವರು ಹೇಳಲಾರರು.

ಅಲ್ಲಿ ಬೆಕರ್ ಬೇಕಾಗುತ್ತಾರೆ. ಕಾಯ್ದೆ ಕೆಲಸ ಮಾಡಿದ ಬಗೆಯನ್ನು ಗಮನಿಸಿ. ಒಂದು ಬುಡಕಟ್ಟನ್ನು ಅಪರಾಧಿ ಎಂದು ಸಾರಿದ ಅಧಿಸೂಚನೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಹೆಸರು ನೋಂದಾಯಿಸಿಕೊಳ್ಳದಿದ್ದರೆ ತಪ್ಪು, ಹಾಜರಿ ತಪ್ಪಿಸಿದರೆ ತಪ್ಪು, ರಹದಾರಿ ಚೀಟಿಯಿಲ್ಲದೆ ಗೊತ್ತುಪಡಿಸಿದ ಗಡಿ ದಾಟಿದರೂ ತಪ್ಪು. ಪಕ್ಕದೂರಿನ ಸಂತೆಗೆ ಹೋಗುವುದು ಊರಿನ ಗೌಡನಿಗೆ ಸಂತೆ, ಕೊರಚನಿಗೆ ಅಪರಾಧ. 1911ರ ನಂತರ ಈ ವ್ಯವಸ್ಥೆ ಮದ್ರಾಸ್, ಮುಂಬೈ ಪ್ರಾಂತ್ಯಗಳಿಗೂ ಹರಡಿತು.

ಇನ್ನು ನಿಮ್ಮ ಮೂಲ ಪ್ರಶ್ನೆ. ಹಣೆಪಟ್ಟಿ ಹಚ್ಚಿದರೆ ಅಪರಾಧಿ ತಯಾರಾಗುತ್ತಾನೆ ಎಂಬ ಸೂತ್ರವನ್ನು ಬೆಕರ್ ಅವರ ತಲೆಗೆ ಕಟ್ಟಿದವರು ಪಠ್ಯಪುಸ್ತಕಗಳನ್ನು ಬರೆದವರು. ಬೆಕರ್ ನಾಲ್ಕು ಮನೆಗಳ ಒಂದು ಕೋಷ್ಟಕ ಕೊಡುತ್ತಾರೆ: ನಿಯಮ ಪಾಲಿಸಿ ಹಾಗೆಂದೇ ಕಾಣಿಸಿಕೊಂಡವರು, ನಿಯಮ ಮುರಿದು ಸಿಕ್ಕಿಬಿದ್ದವರು, ಮುರಿದೂ ಯಾರ ಕಣ್ಣಿಗೂ ಬೀಳದವರು, ಮತ್ತು ಪಾಲಿಸಿಯೂ ಸುಳ್ಳು ಆರೋಪ ಹೊತ್ತವರು. 1871ರ ಕಾಯ್ದೆ ಈ ನಾಲ್ಕನೆಯ ಮನೆಯನ್ನು ಲಕ್ಷಾಂತರ ಜನರಿಂದ ತುಂಬಿಸಿತು. ಅವರು ಅಪರಾಧಿಗಳಾಗಲಿಲ್ಲ ಎಂಬುದು ಸಿದ್ಧಾಂತದ ಸೋಲಲ್ಲ. ಅಪರಾಧ ಮಾಡದಿದ್ದರೂ ಹಣೆಪಟ್ಟಿ ಕಳಚಲಿಲ್ಲ ಎಂಬುದೇ ಅದರ ಸಾಕ್ಷ್ಯ.

ಮುಂಬೈ ಪ್ರಾಂತ್ಯದ ಸೆಟ್ಲಮೆಂಟುಗಳಲ್ಲಿ, ಅಂದರೆ ಈ ಬುಡಕಟ್ಟುಗಳನ್ನು ಕಾವಲಿನಲ್ಲಿಟ್ಟ ವಸತಿಗಳಲ್ಲಿ, ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ವಸತಿ ಶಾಲೆಗಳಲ್ಲಿ ಇಡುತ್ತಿದ್ದದ್ದನ್ನೂ ನೋಡಿ. ಅಪರಾಧವನ್ನು ಆಪ್ತರ ಸಹವಾಸದಲ್ಲಿ ಕಲಿಯಲಾಗುತ್ತದೆ ಎಂದು ಅಮೆರಿಕದ ಅಪರಾಧಶಾಸ್ತ್ರಜ್ಞ ಎಡ್ವಿನ್ ಸದರ್ಲೆಂಡ್ ಬರೆಯುವುದಕ್ಕೆ ಮುಂಚೆಯೇ ಅಧಿಕಾರಿಗಳು ಅದರ ಒರಟು ರೂಪವೊಂದನ್ನು ನಂಬಿ, ತಾಯಿಯ ಮಡಿಲನ್ನೇ ಕಳ್ಳತನದ ಪಾಠಶಾಲೆಯೆಂದು ಎಣಿಸಿದ್ದರು.

ಸೆಟ್ಲಮೆಂಟಿನವನು:

ಉಪನ್ಯಾಸಕರು ಹೇಳಿದ ನಾಲ್ಕನೆಯ ಮನೆಯಲ್ಲಿ ಹುಟ್ಟಿದವನು ನಾನು. ಹುಬ್ಬಳ್ಳಿಯಲ್ಲಿ ನಮ್ಮ ಓಣಿಗಳನ್ನು ಜನ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ಈ ಭಾಗದಲ್ಲಿ ಗಂಟಿಚೋರ ಎಂಬ ಸಮುದಾಯವೂ ಇದೆ. ಅವರ ಮಕ್ಕಳು ಶಾಲೆಗೆ ಸೇರುವಾಗ ಜಾತಿಯ ಕಾಲಂನಲ್ಲೇ ‘ಚೋರ’ ಎಂಬುದನ್ನು ಬರೆಸಬೇಕು.

ಪಿಯುಸಿ ಓದುವಾಗ ಹಾಸ್ಟೆಲಿನಲ್ಲಿ ಒಬ್ಬ ಹುಡುಗನ ಕೈಗಡಿಯಾರ ಕಾಣೆಯಾಯಿತು. ಮೇಲ್ವಿಚಾರಕರು ಹದಿನಾರು ಟ್ರಂಕುಗಳಿದ್ದ ಕೋಣೆಗೆ ಬಂದು ನೇರವಾಗಿ ನನ್ನದನ್ನು ತೆರೆಸಿದರು. ಎರಡು ಅಂಗಿ, ಅವ್ವ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿ, ಪುಸ್ತಕಗಳು. ಡಬ್ಬಿಯನ್ನೂ ಬಿಚ್ಚಿಸಿ ಚಮಚೆಯಿಂದ ಕೆದಕಿದರು. ಮರುದಿನ ಗಡಿಯಾರ ಬಚ್ಚಲಿನ ಗೂಡಿನಲ್ಲಿ ಸಿಕ್ಕಿತು, ಅದರ ಬಗ್ಗೆ ಯಾರೂ ನನ್ನೊಡನೆ ಮಾತೆತ್ತಲಿಲ್ಲ. ಅಂದಿನಿಂದ ಎರಡು ವರ್ಷ ನಾನು ಟ್ರಂಕಿಗೆ ಬೀಗ ಹಾಕಲಿಲ್ಲ. ಯಾರು ಬೇಕಾದರೂ ಯಾವಾಗ ಬೇಕಾದರೂ ನೋಡಿಕೊಳ್ಳಲಿ ಎಂಬಂತೆ ತೆರೆದೇ ಇಟ್ಟಿದ್ದೆ. ಒಮ್ಮೆ ನನ್ನದೇ ನೂರು ರೂಪಾಯಿ ಹೋಯಿತು, ದೂರು ಕೊಡಲಿಲ್ಲ.

ಎಂ.ಎ. ವಿದ್ಯಾರ್ಥಿನಿ:

ಸರ್, ಇದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಒಂದು ಸಂದೇಹ ಉಳಿಯಿತು. ಜನ ಏಕೆ ತಪ್ಪು ಮಾಡುತ್ತಾರೆ ಎಂಬುದರ ಬದಲು ಏಕೆ ಮಾಡುವುದಿಲ್ಲ ಎಂದು ಕೇಳಿದ ಟ್ರಾವಿಸ್ ಹಿರ್ಶಿ 1969ರಲ್ಲಿ ನಾಲ್ಕು ಬಂಧಗಳನ್ನು ಹೇಳುತ್ತಾರಲ್ಲ, ಮಮತೆ, ಬದ್ಧತೆ, ತೊಡಗುವಿಕೆ, ನಂಬಿಕೆ. ಬೀಗ ಹಾಕದ ಆ ಟ್ರಂಕು ಇವುಗಳಲ್ಲಿ ಯಾವುದಕ್ಕೆ ಸೇರುತ್ತದೆ?

ನಿವೃತ್ತ ಉಪನ್ಯಾಸಕ:

ಯಾವುದಕ್ಕೂ ಅಲ್ಲ. ಹಿರ್ಶಿ ವಿವರಿಸಿದ್ದು ಸಮಾಜಕ್ಕೆ ಅಂಟಿಕೊಂಡವನ ಅನುಸರಣೆಯನ್ನು. ಇದು ಸಮಾಜದ ಕಣ್ಣಿಗೆ ಹೆದರಿದವನ ಅನುಸರಣೆ, ತಪ್ಪು ಮಾಡದಿರುವುದು ಸಾಲದೆ ಮಾಡಿಲ್ಲವೆಂದು ದಿನವೂ ತೋರಿಸಿಕೊಳ್ಳಬೇಕಾದವನದು. ಪ್ರತಿಕ್ರಿಯೆ ನಡತೆಯನ್ನು ರೂಪಿಸುತ್ತದೆ ಎಂಬ ಲೆಮರ್ಟ್ ಅವರ ಮಾತು ಇಲ್ಲಿಯೂ ನಿಜವೇ, ಆದರೆ ಅದು ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡಿದೆ. ಸೆಮಿನಾರಿನಲ್ಲಿ ನೀವು ಇದನ್ನು ಧೈರ್ಯವಾಗಿ ಹೇಳಬಹುದು.

ವಕೀಲೆ:

ಚರ್ಚೆ 1952ಕ್ಕೆ ನಿಲ್ಲಬಾರದೆಂದು ಬರೆಯುತ್ತಿದ್ದೇನೆ. ಹಳೆಯ ಕಾಯ್ದೆ ಹೋದ ಮೇಲೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು, ನಮ್ಮಲ್ಲಿ ಬಂದದ್ದು 1961ರದು. ಇಲ್ಲಿ ಸಮುದಾಯದ ಬದಲು ವ್ಯಕ್ತಿಯ ಶಿಕ್ಷೆಗಳನ್ನು ಎಣಿಸುತ್ತಾರೆ ಎಂಬ ವ್ಯತ್ಯಾಸ ಕಾಗದದ ಮೇಲಿದ್ದರೂ, ಕೆಲವು ರಾಜ್ಯಗಳ ಜೈಲು ಕೈಪಿಡಿಗಳು ಆ ಬುಡಕಟ್ಟುಗಳನ್ನು ಹಳೆಯ ಕಣ್ಣಿನಿಂದಲೇ ಕಾಣುತ್ತಿದ್ದವು. ಅಂಥ ನಿಯಮಗಳನ್ನು ಸುಪ್ರೀಂ ಕೋರ್ಟ್ ಅಸಾಂವಿಧಾನಿಕವೆಂದು ಸಾರಿದ್ದು 2024ರ ಅಕ್ಟೋಬರ್ 3ರಂದು.

ಸದರ್ಲೆಂಡ್ ಅವರ ಹೆಸರು ಮೇಲೆ ಬಂದಿದೆ, ಹಾಗಾಗಿ ಇನ್ನೊಂದು ಸಂಗತಿ. ಅಮೆರಿಕದ 70 ದೊಡ್ಡ ಕಂಪನಿಗಳ ವಿರುದ್ಧ ಬಂದಿದ್ದ 980 ತೀರ್ಪು ಮತ್ತು ಆದೇಶಗಳನ್ನು ಅವರು ಎಣಿಸಿದ್ದರು. ನಾಲ್ಕು ಬಾರಿ ತಪ್ಪಿತಸ್ಥನಾದವನನ್ನು ರೂಢಿಗತ ಅಪರಾಧಿ ಎನ್ನುವುದಾದರೆ ಈ ಕಂಪನಿಗಳಲ್ಲಿ ಸುಮಾರು ಶೇ. 90ರಷ್ಟು ಆ ಹೆಸರಿಗೆ ಅರ್ಹ ಎಂದೂ ಬರೆದರು. 1949ರಲ್ಲಿ ಪುಸ್ತಕ ಅಚ್ಚಾಗುವಾಗ, ಮಾನನಷ್ಟ ಮೊಕದ್ದಮೆಯ ಅಂಜಿಕೆಯಿಂದ ಕಂಪನಿಗಳ ಹೆಸರುಗಳನ್ನು ತೆಗೆದುಹಾಕಲಾಯಿತು. ಹೆಸರುಗಳಿರುವ ಪೂರ್ಣ ಆವೃತ್ತಿ ಹೊರಬಂದದ್ದು 1983ರಲ್ಲಿ.

ಸೆಟ್ಲಮೆಂಟಿನವನು:

ಹೆಸರು ಮುಚ್ಚಿಡುವ ಸೌಕರ್ಯ ಅವರಿಗಿತ್ತು ಎನ್ನಿ. ನಮ್ಮ ಹೆಸರುಗಳು ಬೆರಳಚ್ಚಿನ ಸಮೇತ ಪೊಲೀಸರ ದಫ್ತರದಲ್ಲಿದ್ದವು, ಮೇಡಂ.